ಶಂಟ್ ಪೈಪ್ ಹೊರಗೆ ಕಂಡರೆ ಎಳೀಬೇಡಿ

ಇವತ್ತಿನ ಎಪಿಸೋಡ್ ಚಿಕ್ಕದು. ಆದ್ರೆ ನಿಮ್ಮ ಮನೇಲಿ ಶಂಟ್ ಹಾಕಿಸಿರೋ ಮಗು ಇದ್ರೆ ಪೂರ್ತಿ ಕೇಳಿ.

ತಲೆಯಲ್ಲಿ ನೀರು ತುಂಬಿಕೊಳ್ಳೋ ಕಾಯಿಲೆಗೆ ಹೈಡ್ರೋಸೆಫಲಸ್ ಅಂತಾರೆ. ಆ ನೀರನ್ನ ಮಿದುಳಿಂದ ಹೊಟ್ಟೆಗೆ ಇಳಿಸೋಕೆ ಚರ್ಮದ ಕೆಳಗೆ ಹಾಕೋ ತೆಳು ಸಿಲಿಕೋನ್ ಪೈಪೇ ಶಂಟ್. ಮಗು ಬೆಳೆಯುತ್ತಲ್ಲ, ಅದಕ್ಕೇ ಹೊಟ್ಟೆಯೊಳಗೆ ಪೈಪನ್ನ ಸ್ವಲ್ಪ ಉದ್ದವಾಗೇ ಬಿಟ್ಟಿರ್ತಾರೆ.

ಪೈಪ್ ಕಟ್ಟಿಕೊಳ್ಳೋದು, ಸೋಂಕಾಗೋದು ಸಾಮಾನ್ಯ ತೊಂದರೆಗಳು. ಅಪರೂಪಕ್ಕೆ, ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ, ಪೈಪಿನ ತುದಿ ಕರುಳನ್ನ ತೂತು ಮಾಡಿ ಒಳಗೆ ಸೇರುತ್ತೆ. ಕೆಲವರಲ್ಲಿ ಅದು ಮಲದ್ವಾರದಿಂದ ಹೊರಗೆ ಇಣುಕುತ್ತೆ. ವಿಚಿತ್ರ ಅಂದ್ರೆ, ಎಷ್ಟೋ ಮಕ್ಕಳಿಗೆ ಹೊಟ್ಟೆನೋವೇ ಇರಲ್ಲ, ಆರಾಮಾಗಿ ಆಡ್ಕೊಂಡಿರ್ತಾರೆ. ಹಾಗಂತ ಸುಮ್ಮನಿರೋ ಹಾಗಿಲ್ಲ. ಕರುಳಿನ ಬ್ಯಾಕ್ಟೀರಿಯಾಕ್ಕೆ ಈ ಪೈಪೇ ಮಿದುಳಿಗೆ ಹತ್ತೋ ದಾರಿ, ಮೆನಿಂಜೈಟಿಸ್ ಆಗಬಹುದು.

ಹಾಗಾಗಿ ಜಂತುಹುಳ ಅಂದ್ಕೊಂಡು ಎಳೀಬೇಡಿ. ಕತ್ತರಿಸಬೇಡಿ, ಒಳಗೆ ತಳ್ಳಲೂಬೇಡಿ. ಶುಭ್ರವಾದ ಬಟ್ಟೆ ಮುಚ್ಚಿ, ತಕ್ಷಣ ನ್ಯೂರೋಸರ್ಜರಿ ವಿಭಾಗ ಇರೋ ಆಸ್ಪತ್ರೆಗೆ ಹೋಗಿ.

ಗಂಡುಕೂಸುಗಳಲ್ಲಿ ಪೈಪ್ ವೃಷಣದ ಚೀಲಕ್ಕೂ ಇಳಿಯಬಹುದು. ಅಲ್ಲಿ ಊತ ಕಂಡ್ರೆ ಬರೀ ಹರ್ನಿಯಾ ಅಂದ್ಕೋಬೇಡಿ, ಶಂಟ್ ಇದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಮಗು ನೋಡ್ಕೊಳ್ಳೋ ಅಜ್ಜಿ, ಚಿಕ್ಕಮ್ಮ, ಅಂಗನವಾಡಿ ಟೀಚರಿಗೂ ಇದನ್ನ ಕೇಳಿಸಿ.