ಧಾರೆ ಹನಿಯಾಗುವ ಬಗೆ: ಅಣುಲೋಕದ ಒಂದು ಅನುಕರಣೆ

ಮಲಾಡಿನಂತಹ ಮುಂಬಯಿಯ ಉಪನಗರಗಳಲ್ಲಿ ಗೊತ್ತಾದ ವೇಳೆಗೆ ಮಾತ್ರ ನಲ್ಲಿಯ ನೀರನ್ನು ಕಾಣುವವರಿಗೆ ಒಂದು ದೃಶ್ಯ ಚಿರಪರಿಚಿತ. ನೀರು ನಿಲ್ಲುವ ಹೊತ್ತಿಗೆ ತುಂಬುಧಾರೆ ಸಪೂರವಾಗುತ್ತದೆ, ಅಲ್ಲಲ್ಲಿ ಉಬ್ಬುತ್ತದೆ, ಕಡೆಗೆ ಹನಿಹನಿಯಾಗಿ ಕಡಿದು ಬೀಳುತ್ತದೆ. ಧಾರೆ, ಎಳೆ, ತೊಟ್ಟು, ಹನಿ, ತುಂತುರು ಎಂದು ಕನ್ನಡ ಈ ಅವಸ್ಥೆಗಳನ್ನು ಬೇರೆಬೇರೆಯಾಗಿ ಗುರುತಿಸಿದೆ. ಈ ಪದಗಳೆಲ್ಲದರ ಹಿಂದೆ, ನೀರು ಎಲ್ಲಿಯೂ ಬಿರುಕಿಲ್ಲದ ಒಂದು ಅಖಂಡ ವಸ್ತು ಎಂಬ ಭಾವನೆಯಿದೆ. ಧಾರೆಯ ವ್ಯಾಸವು ಕೆಲವೇ ನ್ಯಾನೊಮೀಟರುಗಳಿಗೆ, ಅಂದರೆ ಮಿಲಿಮೀಟರಿನ 10 ಲಕ್ಷದಲ್ಲಿ ಕೆಲವು ಪಾಲಿಗೆ ಇಳಿದಾಗ ಆ ಭಾವನೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ಇಲ್ಲಿನ ವಿಚಾರ.

ಅಖಂಡತೆಯನ್ನು ಒಪ್ಪಿಕೊಂಡ ಸಿದ್ಧಾಂತ 19ನೆಯ ಶತಮಾನದ್ದು. ಧಾರೆಯ ಮೇಲಿನ ಅಲೆಯ ಉದ್ದವು ಧಾರೆಯ ಸುತ್ತಳತೆಯನ್ನು ಮೀರಿದರೆ, ಉಬ್ಬುತಗ್ಗು ಬೆಳೆದಂತೆಲ್ಲ ಹೊರಮೈ ಕಿರಿದಾಗುತ್ತದೆ. ಮೇಲ್ಮೈ ಸೆಳೆತವು ಬಯಸುವುದೂ ಅದನ್ನೇ. ಹೀಗಾಗಿ ಧಾರೆ ಕಡಿಯುತ್ತದೆಂಬುದನ್ನು ಬೆಲ್ಜಿಯಂನ ಜೋಸೆಫ್ ಪ್ಲಾಟೋ ತೋರಿಸಿದನು. ವ್ಯಾಸದ ಸುಮಾರು 4.5 ಪಟ್ಟು ಉದ್ದದ ಅಲೆಯೇ ಎಲ್ಲಕ್ಕಿಂತ ಬೇಗ ಬೆಳೆಯುತ್ತದೆಂದು ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ 1870ರ ದಶಕದ ಕೊನೆಯಲ್ಲಿ ಗಣಿಸಿದನು. ಈ ಲೆಕ್ಕದಲ್ಲಿ ಅಣುವಿನ ಮಾತೇ ಇಲ್ಲ.

ಅಣುಗಳಿಂದಲೇ ಆರಂಭಿಸುವ ಮಾರ್ಗ ಬೇರೆ. ಪ್ರತಿಯೊಂದು ಅಣುವಿನ ಮೇಲಿನ ಬಲವನ್ನು ಗಣಕಯಂತ್ರದಲ್ಲಿ ಲೆಕ್ಕಹಾಕಿ, ನ್ಯೂಟನ್ನನ ನಿಯಮದಂತೆ ಅದನ್ನು ಒಂದು ಕ್ಷಣಾಂಶ ಮುಂದಕ್ಕೆ ಸರಿಸಿ, ಮತ್ತೆ ಬಲವನ್ನು ಎಣಿಸುವುದು ಇಲ್ಲಿನ ಕ್ರಮ. ಹೈದರಾಬಾದಿನಲ್ಲಿ 1927ರಲ್ಲಿ ಜನಿಸಿದ ಅನೀಸುರ್ ರಹಮಾನ್ ಅವರು ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿದ್ದು 1964ರಲ್ಲಿ 864 ಪರಮಾಣುಗಳ ದ್ರವ ಆರ್ಗಾನನ್ನು ಹೀಗೆ ಅಭ್ಯಸಿಸಿದರು. 1971ರಲ್ಲಿ ಸ್ಟಿಲಿಂಜರ್ ಅವರೊಡನೆ 216 ಅಣುಗಳ ನೀರನ್ನು ಕೈಗೆತ್ತಿಕೊಂಡರು. ಒಂದು ಹೆಜ್ಜೆಯ ಕಾಲ ಸಾಮಾನ್ಯವಾಗಿ ಸೆಕೆಂಡಿನ ಕೋಟಿಕೋಟಿ ಪಾಲಿಗಿಂತಲೂ ಕಿರಿದು. ಸೆಕೆಂಡಿನ 100 ಕೋಟಿಯಲ್ಲೊಂದು ಪಾಲನ್ನು ದಾಟಲು ಸುಮಾರು 10 ಲಕ್ಷ ಹೆಜ್ಜೆಗಳು ಬೇಕು. ಆದ್ದರಿಂದ ನಲ್ಲಿಯ ಹನಿ ಈ ಕ್ರಮಕ್ಕೆ ಎಟುಕದು. 6 ನ್ಯಾನೊಮೀಟರ್ ವ್ಯಾಸದ ಹನಿಯಲ್ಲಿ ಮಾತ್ರ ನೀರಿನ ಅಣುಗಳು ನಾಲ್ಕು ಸಾವಿರದೊಳಗೇ ಇರುವುದರಿಂದ ಅದು ಎಟುಕುತ್ತದೆ.

ಮೈಕೆಲ್ ಮೋಸ್ಲರ್ ಮತ್ತು ಉಜಿ ಲ್ಯಾಂಡ್‌ಮನ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಈ ದಿಕ್ಕಿನಲ್ಲಿ ಮಹತ್ವದ್ದು. ಅವರು ಆರಿಸಿಕೊಂಡ ದ್ರವ ನೀರಲ್ಲ, ಪ್ರೋಪೇನ್. 6 ನ್ಯಾನೊಮೀಟರ್ ವ್ಯಾಸದ ಚಿನ್ನದ ಮೂತಿಯಿಂದ ಅದು ಚಿಮ್ಮಿದಾಗ, ಹಳೆಯ ಸಿದ್ಧಾಂತವು ಹೇಳಿದ ನೀಳ ಎಳೆಯ ಬದಲು, ತುದಿಗೆ ತುದಿ ತಾಗಿದ ಎರಡು ಶಂಕುಗಳಂತೆ ಧಾರೆಯ ಕೊರಳು ಕಿರಿದಾಗಿ ಕಡಿಯಿತು. ಉಷ್ಣದಿಂದುಂಟಾಗುವ ಅಣುಗಳ ಯದೃಚ್ಛ ತುಯ್ತವನ್ನು ಸಮೀಕರಣಕ್ಕೆ ಸೇರಿಸಿದಾಗ ಸಿದ್ಧಾಂತವೂ ಅದೇ ಆಕಾರವನ್ನು ಕೊಟ್ಟಿತು.

ಕಾರಣವನ್ನು ನೀರಿನ ಅಳತೆಯಿಂದಲೇ ತಿಳಿಯಬಹುದು. ಕೋಣೆಯ ಉಷ್ಣತೆಯಲ್ಲಿ ಈ ತುಯ್ತವು ನೀರಿನ ಹೊರಮೈಯಲ್ಲಿ ಎಬ್ಬಿಸುವ ಏರಿಳಿತ ಸುಮಾರು ಕಾಲು ನ್ಯಾನೊಮೀಟರಿನಷ್ಟು. 1 ಮಿಲಿಮೀಟರಿನ ಧಾರೆಗೆ ಅದು 40 ಲಕ್ಷದಲ್ಲೊಂದು ಪಾಲು, ಲೆಕ್ಕಕ್ಕಿಲ್ಲ. 6 ನ್ಯಾನೊಮೀಟರಿನ ಧಾರೆಗೆ ಅದೇ 24ರಲ್ಲೊಂದು ಪಾಲು. ಧಾರೆಯ ವಿಧಿಯನ್ನೇ ಅದು ನಿರ್ಧರಿಸಬಲ್ಲುದು. ಹೊರಗಿನ ಅಲುಗಾಟವಿಲ್ಲದೆಯೂ ಧಾರೆ ತನ್ನ ಒಳಗಿನ ಚಲನೆಯಿಂದಲೇ ಕಡಿಯುತ್ತದೆ.

ಇಂತಹ ಜ್ಞಾನದ ಸ್ವರೂಪವೇನು? ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳಿಗೆ ಇಲ್ಲಿ ಶ್ರೀಶಂಕುಕನ ಚಿತ್ರತುರಗ ನ್ಯಾಯ ನೆನಪಾಗದಿರದು. ಚಿತ್ರದ ಕುದುರೆಯನ್ನು ಕಂಡಾಗ ಆಗುವ ಅರಿವು ಸಮ್ಯಕ್, ಮಿಥ್ಯಾ, ಸಂಶಯ, ಸಾದೃಶ್ಯಗಳೆಂಬ ನಾಲ್ಕಕ್ಕಿಂತಲೂ ಭಿನ್ನ. ಗಣಕದ ನೀರೂ ಅಂತಹುದೇ ಒಂದು ಅನುಕರಣೆ. ಅಲ್ಲಿ ಅಣುವಿನ ವಿದ್ಯುದಂಶಗಳನ್ನು ನಾವೇ ಗೊತ್ತುಪಡಿಸಿರುತ್ತೇವೆ. ಬಹಳ ಬಳಕೆಯಲ್ಲಿರುವ ಒಂದು ಮಾದರಿಯ ಮೇಲ್ಮೈ ಸೆಳೆತ 60ರ ಆಸುಪಾಸಿನಲ್ಲಿದ್ದರೆ, ನಿಜವಾದ ನೀರಿನದು ಮೀಟರಿಗೆ 72 ಮಿಲಿನ್ಯೂಟನ್. ಆದ್ದರಿಂದ ಅನುಕರಣೆಯ ಅಂಕಿಗಳನ್ನು ನೀರಿನವೇ ಎಂದು ಭಾವಿಸಲಾಗದು.

ಆದರೆ ಚಿತ್ರದ ಕುದುರೆಗಿಲ್ಲದ ಒಂದು ಗುಣ ಇದಕ್ಕಿದೆ: ಇದನ್ನು ಪರೀಕ್ಷೆಗೆ ಒಡ್ಡಬಹುದು. ಮೇಲ್ಮೈ ಸೆಳೆತ ಅತ್ಯಲ್ಪವಾಗಿರುವ ಕಲಿಲ ಮಿಶ್ರಣವೊಂದರಲ್ಲಿ ಈ ತುಯ್ತಗಳು ಸೂಕ್ಷ್ಮದರ್ಶಕಕ್ಕೆ ಕಾಣುವಷ್ಟು ದೊಡ್ಡವಾಗುತ್ತವೆ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದು ಅಲ್ಲಿ ಹನಿ ಕಡಿಯುವಾಗ ಅವುಗಳ ಕೈವಾಡವಿರುವುದನ್ನು ತೋರಿಸಿತು. ಅನುಕರಣೆ ಸೂಚಿಸಿದ್ದನ್ನು ಪ್ರಯೋಗ ಎತ್ತಿಹಿಡಿದಾಗಲೇ ಅದು ಶಾಸ್ತ್ರವಾಗುತ್ತದೆ. ಧಾರೆ, ಹನಿ ಎಂಬ ನಮ್ಮ ಮಾತುಗಳು ಇದರಿಂದ ಸುಳ್ಳಾಗುವುದಿಲ್ಲ. ಅವು ಯಾವ ಅಳತೆಯವರೆಗೆ ಸಲ್ಲುತ್ತವೆ ಎಂಬುದು ಮಾತ್ರ ಸ್ಪಷ್ಟವಾಗುತ್ತದೆ. ಪದದ ವ್ಯಾಪ್ತಿಯನ್ನು ನಿಷ್ಕರ್ಷಿಸುವುದು ಭಾಷೆಯ ವಿದ್ಯಾರ್ಥಿಗೂ ವಿಜ್ಞಾನಿಗೂ ಸಮಾನವಾದ ಕೆಲಸ.