ಅಲಾಸ್ಕಾ ಕ್ರೂಸ್‌ನ ಬೆಟ್ಟದ ರೈಲು: ಮಂಡಿ ನೋವಿರುವ ಅಪ್ಪ ಅಮ್ಮ ಹತ್ತಬಹುದೇ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗುವ ಅಪ್ಪ ಅಮ್ಮಂದಿರ ಪ್ರವಾಸದ ಪಟ್ಟಿಗೆ ಈಗ ಅಲಾಸ್ಕಾ ಕ್ರೂಸ್ ಕೂಡ ಸೇರಿಕೊಂಡಿದೆ. ಸಿಯಾಟಲ್‌ನಲ್ಲೋ ವ್ಯಾಂಕೂವರ್‌ನಲ್ಲೋ ಹಡಗು ಹತ್ತಿದರೆ ಸುಮಾರು ಒಂದು ವಾರದ ಪ್ರಯಾಣ. ದಾರಿಯಲ್ಲಿ ಸ್ಕ್ಯಾಗ್ವೇ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿ ಹಡಗಿನಿಂದಿಳಿದು ಬೆಟ್ಟ ಹತ್ತುವ ಹಳೆಯ ಕಾಲದ ರೈಲಿನಲ್ಲಿ ಹೋಗಿಬರುವುದು ಬಹಳ ಜನ ಇಷ್ಟಪಡುವ ಸುತ್ತಾಟ.

ಈ ಮಾತು ಫ್ಯಾಮಿಲಿ ಗ್ರೂಪಿಗೆ ಬಂದ ಕೂಡಲೇ ಎರಡು ಬಗೆಯ ಸಲಹೆ ಶುರುವಾಗುತ್ತದೆ. "ಮಂಡಿ ನೋವಿದ್ದವರು, ಹಾರ್ಟ್ ಪೇಷೆಂಟ್‌ಗಳು ಬೆಟ್ಟದ ರೈಲು ಹತ್ತಲೇಬಾರದು, ಮೇಲೆ ಆಮ್ಲಜನಕ ಸಿಗಲ್ಲ" ಎನ್ನುವುದು ಒಂದು. "ಅಮೆರಿಕ ಅಲ್ವಾ, ಎಲ್ಲಾ ಕಡೆ ವ್ಹೀಲ್‌ಚೇರ್ ಇರುತ್ತೆ, ಏರ್‌ಪೋರ್ಟಿನ ಹಾಗೆ ಅವರೇ ತಳ್ಳಿಕೊಂಡು ಹೋಗ್ತಾರೆ" ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿದವರು ಹಡಗಿನಲ್ಲೇ ಉಳಿದುಬಿಡುತ್ತಾರೆ. ಎರಡನೆಯದನ್ನು ನಂಬಿದವರು ದುಡ್ಡು ಕಟ್ಟಿ, ರೈಲಿನ ಬಾಗಿಲವರೆಗೆ ಹೋಗಿ, ಮೆಟ್ಟಿಲು ನೋಡಿ ವಾಪಸ್ ಬರಬೇಕಾದೀತು.

ಮೊದಲು ಆಮ್ಲಜನಕದ ಮಾತು ಮುಗಿಸೋಣ, ಯಾಕೆಂದರೆ ಅದು ಸುಲಭ. ಈ ರೈಲಿನ ಹೆಸರು ವೈಟ್ ಪಾಸ್ ಆಂಡ್ ಯುಕಾನ್ ರೂಟ್. ಸಮುದ್ರ ಮಟ್ಟದಿಂದ ಹೊರಟು ಸುಮಾರು 32 ಕಿಲೋಮೀಟರ್ ದೂರದಲ್ಲಿರುವ ವೈಟ್ ಪಾಸ್ ಎಂಬ ಕಣಿವೆಯ ತುದಿಗೆ ಏರುತ್ತದೆ. ಆ ತುದಿಯ ಎತ್ತರ 2,865 ಅಡಿ, ಅಂದರೆ ಸುಮಾರು 873 ಮೀಟರ್. ಬೆಂಗಳೂರಿನ ಎತ್ತರ ಎಷ್ಟು ಗೊತ್ತೇ? 900 ಮೀಟರಿಗಿಂತ ಜಾಸ್ತಿ. ಜಯನಗರದ ಮನೆಯಲ್ಲಿ ಕೂತವರು ವೈಟ್ ಪಾಸ್ ತುದಿಗಿಂತ ಎತ್ತರದಲ್ಲೇ ಉಸಿರಾಡುತ್ತಿದ್ದಾರೆ!

ಇನ್ನೂ ಒಂದು ಲೆಕ್ಕವಿದೆ. ವಿಮಾನ ಹಾರುವಾಗ ಒಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಮಾತ್ರ ಇರುತ್ತದೆ. ಭಾರತದಿಂದ ಅಮೆರಿಕಕ್ಕೆ ಹಾರಿ ಬಂದವರು ಹತ್ತಾರು ಗಂಟೆ ಅಂಥ ಗಾಳಿಯಲ್ಲಿ ಕೂತಾಗಿದೆ. ಅದನ್ನು ಸಲೀಸಾಗಿ ದಾಟಿದವರಿಗೆ ಈ ರೈಲಿನ ಎತ್ತರ ಲೆಕ್ಕಕ್ಕಿಲ್ಲ. ಈ ಹೆದರಿಕೆ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಕ್‌ನಂಥ ಜಾಗಗಳಿಗೆ ಸಲ್ಲುತ್ತದೆ. ಅಲ್ಲಿ ರೈಲು 3,454 ಮೀಟರ್ ಎತ್ತರಕ್ಕೆ ಹೋಗುತ್ತದೆ, ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡರಷ್ಟಕ್ಕೆ ಇಳಿಯುತ್ತದೆ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಅಲ್ಲಿಗೆ ಹೋಗಬೇಕು. 'ಬೆಟ್ಟದ ರೈಲು' ಎಂಬ ಒಂದೇ ಹೆಸರಿನಡಿ ಎರಡನ್ನೂ ಸೇರಿಸಿ ಫಾರ್ವರ್ಡ್ ಮಾಡಿದ್ದರಿಂದ ಆದ ಗೊಂದಲ ಇದು.

ಹಾಗಿದ್ದರೆ ಕಷ್ಟ ಎಲ್ಲಿದೆ? ರೈಲಿನಲ್ಲಿ ಕೂತ ಮೇಲೆ ಬಹಳ ಕಡಿಮೆ. ತುದಿಯವರೆಗೆ ಹೋಗಿ ಬರಲು ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ, ನಡುವೆ ಯಾರೂ ಇಳಿಯುವುದಿಲ್ಲ. ಜಲಪಾತ, ಸುರಂಗ, ಹಿಮ ಹೊದ್ದ ಶಿಖರ ಎಲ್ಲವೂ ಕಿಟಕಿಯ ಪಕ್ಕಕ್ಕೇ ಬರುತ್ತವೆ. ನಡೆಯಲಾಗದವರಿಗೆ ಕ್ರೂಸ್‌ನ ಸುತ್ತಾಟಗಳಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದು ಅಪರೂಪ ಎಂದೇ ನಾವು ಹೇಳುತ್ತೇವೆ. ಕಷ್ಟ ಇರುವುದು ಹಡಗಿನ ಕೋಣೆಯಿಂದ ರೈಲಿನ ಸೀಟಿನವರೆಗಿನ ದಾರಿಯಲ್ಲಿ.

ಆ ದಾರಿಯ ಮೊದಲ ತೊಡಕು ವ್ಹೀಲ್‌ಚೇರೇ. ಊರಿನಲ್ಲಿ ನಿಧಾನವಾಗಿ ನಡೆದಾಡಿಕೊಂಡಿರುವ ಎಷ್ಟೋ ಹಿರಿಯರು ವಿಮಾನ ನಿಲ್ದಾಣದಲ್ಲಿ ಮಾತ್ರ ವ್ಹೀಲ್‌ಚೇರ್ ಸೇವೆ ಪಡೆಯುತ್ತಾರೆ. ಭಾಷೆಯ ತೊಂದರೆ ತಪ್ಪುತ್ತದೆ, ಉದ್ದನೆಯ ಸಾಲೂ ತಪ್ಪುತ್ತದೆ. ಅಮೆರಿಕದಲ್ಲಿ ಈ ನೆರವು ಕೊಡುವುದು ವಿಮಾನ ಕಂಪನಿಗಳ ಕಾನೂನುಬದ್ಧ ಕೆಲಸ. ಹಡಗಿನಲ್ಲಿ ಲೆಕ್ಕ ಬೇರೆ. ಹಡಗಿನ ವ್ಹೀಲ್‌ಚೇರ್‌ಗಳು ಸಾಮಾನ್ಯವಾಗಿ ಪ್ರಯಾಣದ ಮೊದಲ ದಿನ ಹತ್ತಿಸಲು, ಕೊನೆಯ ದಿನ ಇಳಿಸಲು ಮತ್ತು ತುರ್ತು ಸಂದರ್ಭಕ್ಕೆ ಇರುವಂಥವು. ನಡುವಿನ ಊರುಗಳಲ್ಲಿ ಸುತ್ತಲು ನಿಮ್ಮದೇ ಕುರ್ಚಿ ಬೇಕು, ಇಲ್ಲವೇ ಮೊದಲೇ ಬಾಡಿಗೆಗೆ ಗೊತ್ತು ಮಾಡಿರಬೇಕು. ತಳ್ಳುವವರೂ ಮನೆಯವರೇ.

ಎರಡನೆಯದು ಹಡಗಿನಿಂದ ದಡಕ್ಕೆ ಹಾಕುವ ಸೇತುವೆ. ಸ್ಕ್ಯಾಗ್ವೇ ಇರುವುದು ಎರಡೂ ಕಡೆ ಬೆಟ್ಟವಿರುವ ಉದ್ದನೆಯ, ಕಿರಿದಾದ ಸಮುದ್ರದ ಚಾಚಿನ ಕೊನೆಯಲ್ಲಿ. ಇಂಥ ಜಾಗಕ್ಕೆ ನುಗ್ಗುವ ಉಬ್ಬರದ ನೀರಿಗೆ ಹರಡಿಕೊಳ್ಳಲು ಜಾಗವಿಲ್ಲ, ಮೇಲಕ್ಕೇ ಏರುತ್ತದೆ. ಮಂಗಳೂರಿನ ಕಡೆ ಉಬ್ಬರ ಇಳಿತದ ವ್ಯತ್ಯಾಸ ಒಂದೆರಡು ಮೀಟರಿನಷ್ಟಾದರೆ ಇಲ್ಲಿ ಹಲವು ಮೀಟರ್. ನೀರಿನ ಜೊತೆ ಹಡಗೂ ಏರಿಳಿಯುತ್ತದೆ, ಹಾಗಾಗಿ ಬೆಳಿಗ್ಗೆ ಬಹುತೇಕ ಸಮತಟ್ಟಾಗಿದ್ದ ಸೇತುವೆ ಮಧ್ಯಾಹ್ನ ಕಡಿದಾದ ಇಳಿಜಾರಾಗಬಹುದು. ಇಳಿಯುವ ಮುನ್ನ ಸಿಬ್ಬಂದಿಯನ್ನು ಕೇಳಿ, ಅವರಿಗೆ ಆ ದಿನದ ಉಬ್ಬರದ ಸಮಯ ಗೊತ್ತಿರುತ್ತದೆ. ಕಡಿದಾದ ಇಳಿಜಾರಿನಲ್ಲಿ ವ್ಹೀಲ್‌ಚೇರನ್ನು ಹಿಂದುಮುಂದಾಗಿ ಇಳಿಸುವುದೇ ಸುರಕ್ಷಿತ, ಕೂತವರು ಮುಂದಕ್ಕೆ ಜಾರುವುದಿಲ್ಲ.

ಸ್ಕ್ಯಾಗ್ವೇಯಲ್ಲಿ ದೊಡ್ಡ ಹಡಗುಗಳು ಸಾಮಾನ್ಯವಾಗಿ ಕಟ್ಟೆಗೇ ಬಂದು ನಿಲ್ಲುವುದು ಒಂದು ಸಮಾಧಾನ. ಬೇರೆ ಕೆಲವು ಊರುಗಳಲ್ಲಿ ಹಡಗು ದೂರದಲ್ಲೇ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಅಲೆಗೆ ಕುಲುಕುವ ದೋಣಿಗೆ ಹೆಜ್ಜೆ ಇಡಲಾಗದವರನ್ನು ಹತ್ತಿಸಿಕೊಳ್ಳದೆ ಇರುವ ಅಧಿಕಾರ ಸಿಬ್ಬಂದಿಗೆ ಇರುತ್ತದೆ. ಟಿಕೆಟ್ ಕೊಳ್ಳುವಾಗಲೇ ಯಾವ ಊರಿನಲ್ಲಿ ಕಟ್ಟೆ, ಯಾವ ಊರಿನಲ್ಲಿ ದೋಣಿ ಎಂದು ತಿಳಿದುಕೊಳ್ಳಿ.

ಮೂರನೆಯದು ರೈಲಿನ ಬಾಗಿಲು. ಇದಕ್ಕೆ ಇತಿಹಾಸವೇ ಕಾರಣ. 1896ರಲ್ಲಿ ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ಸಿಕ್ಕಿತು. ಅದರ ಆಸೆಗೆ ಸಾವಿರಾರು ಜನ ಇದೇ ಕಣಿವೆ ಹತ್ತಿದರು. ಹೊರೆ ಹೊತ್ತು ಸತ್ತ ಕುದುರೆಗಳೇ ಸುಮಾರು 3,000 ಎನ್ನುತ್ತಾರೆ, ಆ ದಾರಿಯ ಒಂದು ಕಮರಿಗೆ ಇಂದಿಗೂ 'ಸತ್ತ ಕುದುರೆಯ ಕಮರಿ' ಎಂಬ ಅರ್ಥದ ಹೆಸರಿದೆ. 1898ರಲ್ಲಿ ರೈಲು ದಾರಿಯ ಕೆಲಸ ಶುರುವಾಯಿತು, 1900ರಲ್ಲಿ ಮುಗಿಯಿತು. ಗಟ್ಟಿ ಬಂಡೆ ಸಿಡಿಸಿ ದಾರಿ ಮಾಡಬೇಕಿದ್ದುದರಿಂದ ಆದಷ್ಟು ಕಿರಿದಾಗಿ ಮಾಡಿದರು. ಹಳಿಗಳ ನಡುವಿನ ಅಂತರ ಬರೀ 3 ಅಡಿ, ಅಂದರೆ 914 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್‌ನಲ್ಲಿ ಇದು 1,676. ಊಟಿ ರೈಲಿನದು 1,000, ಅದಕ್ಕಿಂತಲೂ ಇದು ಚಿಕ್ಕದು. ಹಳಿ ಕಿರಿದಾದರೆ ಬೋಗಿಯೂ ಕಿರಿದು, ಸೀಟುಗಳ ನಡುವಿನ ಓಡಾಟದ ಜಾಗವೂ ಕಿರಿದು. ಹತ್ತಲು ಮೆಟ್ಟಿಲುಗಳಿವೆ. ಮಾಮೂಲಿ ಬೋಗಿಗೆ ವ್ಹೀಲ್‌ಚೇರ್ ಹೋಗುವುದಿಲ್ಲ.

ಅದಕ್ಕೇ ವ್ಹೀಲ್‌ಚೇರ್ ಎತ್ತುವ ಲಿಫ್ಟ್ ಇರುವ ಬೋಗಿಗಳನ್ನು ರೈಲಿನವರು ಇಟ್ಟಿದ್ದಾರೆ. ಆದರೆ ಎಲ್ಲಾ ಬೋಗಿಗಳಲ್ಲಿ ಲಿಫ್ಟ್ ಇಲ್ಲ. ಮೊದಲೇ ತಿಳಿಸಿದರೆ ಅಂಥ ಬೋಗಿಯಲ್ಲಿ ಜಾಗ ಕೊಡುತ್ತಾರೆ, ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೇಳಿದರೆ ಕಷ್ಟ. ಹಾಗಾಗಿ ಬುಕ್ ಮಾಡುವಾಗ ಬರೀ "ವ್ಹೀಲ್‌ಚೇರ್ ಇದೆ" ಎಂದು ಬರೆದು ಸುಮ್ಮನಾಗಬೇಡಿ. ಕೈಯಲ್ಲಿ ತಳ್ಳುವ ಮಡಚುವ ಕುರ್ಚಿಯೇ, ಬ್ಯಾಟರಿಯದೇ ಎಂದು ಹೇಳಿ. ಬ್ಯಾಟರಿ ಕುರ್ಚಿಗಳು ಅಗಲ, ತೂಕ ಎರಡರಲ್ಲೂ ಲಿಫ್ಟಿನ ಮಿತಿ ಮೀರಬಹುದು. ಕುರ್ಚಿಯ ಅಗಲ ಅಳೆದು, ಕೂತವರ ತೂಕವನ್ನೂ ಸೇರಿಸಿ ತಿಳಿಸಿ. ಅಮ್ಮ ನಾಲ್ಕು ಮೆಟ್ಟಿಲು ಹಿಡಿದು ಹತ್ತಬಲ್ಲರೇ, ಒಂದೂ ಆಗದೇ ಎಂಬುದನ್ನು ಸಂಕೋಚವಿಲ್ಲದೆ ಬರೆಯಿರಿ. "ಸ್ವಲ್ಪ ನಡೀತಾರೆ" ಎಂಬ ನಮ್ಮ ಮಾತು ಅವರಿಗೆ ಏನನ್ನೂ ತಿಳಿಸುವುದಿಲ್ಲ.

"ಅಮೆರಿಕದಲ್ಲಿ ಅದಕ್ಕೆ ಕಾನೂನು ಇದೆಯಲ್ಲ" ಎಂದು ಕೇಳಬಹುದು. ಇದೆ. ಅಂಗವಿಕಲರ ಹಕ್ಕಿನ ಕಾನೂನು 1990ರಲ್ಲಿ ಬಂತು. ಅಮೆರಿಕದ ನೀರಿನಲ್ಲಿ ಓಡಾಡುವ ವಿದೇಶಿ ಬಾವುಟದ ಕ್ರೂಸ್ ಹಡಗುಗಳಿಗೂ ಅದು ಅನ್ವಯಿಸುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು, ಕೆಲವು ಮಿತಿಗಳೊಂದಿಗೆ. ಆದರೆ ನೂರು ವರ್ಷ ಹಳೆಯ ಕಿರಿದಾದ ದಾರಿಯನ್ನು ಕಾನೂನು ಅಗಲ ಮಾಡಲಾರದು.

ಈ ರೈಲಿನಲ್ಲೇ ಬೇರೆ ಬೇರೆ ಸುತ್ತಾಟಗಳಿವೆ, ಅಲ್ಲೂ ಎಡವುವ ಸಾಧ್ಯತೆ ಇದೆ. ತುದಿಗೆ ಹೋಗಿ ರೈಲಿನಲ್ಲೇ ವಾಪಸ್ ಬರುವುದು ನಡೆಯಲಾಗದವರಿಗೆ ಸುಲಭ. ಒಂದು ಕಡೆ ರೈಲು, ಇನ್ನೊಂದು ಕಡೆ ಬಸ್ಸು ಎಂಬ ಪ್ಯಾಕೇಜುಗಳೂ ಇವೆ. ಅದನ್ನು ತೆಗೆದುಕೊಂಡರೆ ಬಸ್ಸಿನಲ್ಲೂ ಲಿಫ್ಟ್ ಇದೆಯೇ ಎಂದು ಬೇರೆಯಾಗಿ ಕೇಳಬೇಕು. ಗಡಿ ದಾಟಿ ಕೆನಡಾದಲ್ಲಿ ಇಳಿಯುವ ಸುತ್ತಾಟವಾದರೆ ಪಾಸ್‌ಪೋರ್ಟ್ ತಪಾಸಣೆಯೂ ಇರುತ್ತದೆ. ಅಂದಹಾಗೆ, ಸಿಯಾಟಲ್‌ನಿಂದ ಹೊರಡುವ ಹಡಗುಗಳೂ ಸಾಮಾನ್ಯವಾಗಿ ಕೆನಡಾದ ಒಂದು ಬಂದರಿಗೆ ಹೋಗಿಯೇ ಹೋಗುತ್ತವೆ. 1886ರ ಅಮೆರಿಕದ ಒಂದು ಕಾನೂನಿನ ಪ್ರಕಾರ ವಿದೇಶಿ ಹಡಗುಗಳು ಅಮೆರಿಕದ ಬಂದರುಗಳ ನಡುವೆ ಮಾತ್ರ ಜನರನ್ನು ಸಾಗಿಸುವಂತಿಲ್ಲ. ಆದ್ದರಿಂದ ಪ್ರವಾಸಿ ವೀಸಾದಲ್ಲಿ ಬಂದ ಭಾರತೀಯ ಪಾಸ್‌ಪೋರ್ಟಿನ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇಕಾಗುತ್ತದೆ. ಅಮೆರಿಕಕ್ಕೆ ಮರಳಲು ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವ ವೀಸಾ ಇರಬೇಕು. ಮಂಡಿಗಿಂತ ಮೊದಲು ಇದೇ ಪ್ರವಾಸ ನಿಲ್ಲಿಸಬಹುದು.

ರೈಲಿನ ಶೌಚಾಲಯವೂ ಇಕ್ಕಟ್ಟು. ಹಡಗಿನಿಂದ ಇಳಿಯುವ ಮುನ್ನವೇ ಮುಗಿಸಿಕೊಂಡು ಬರುವುದು ಒಳ್ಳೆಯದು. ಆದರೆ ಅದಕ್ಕೆ ಹೆದರಿ ನೀರು ಕುಡಿಯದೆ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ತಾವೇ ಬಿಟ್ಟು ಹೊರಡುವುದು ಬೇಡ. ಆ ದಿನ ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಮೂರು ಗಂಟೆ ಒಂದೇ ಸಮನೆ ಕೂರುವುದರಿಂದ ಆಗಾಗ ಪಾದ ಮೇಲೆ ಕೆಳಗೆ ಆಡಿಸುತ್ತಿರಲಿ, ಕಾಲಿನ ರಕ್ತ ಓಡಾಡುತ್ತದೆ. ಬೇಸಿಗೆಯಲ್ಲೂ ಮೇಲೆ ಚಳಿ ಇರುತ್ತದೆ, ಒಂದು ಶಾಲು ಸಾಕು. ಬೋಗಿಯ ತುದಿಯಲ್ಲಿ ಬಯಲಿಗೆ ತೆರೆದ ಕಟ್ಟೆಯಂಥ ಜಾಗವಿದೆ, ಎಲ್ಲರೂ ಅಲ್ಲಿ ನಿಂತು ಫೋಟೋ ತೆಗೆಯುತ್ತಾರೆ. ತೋಲ ತಪ್ಪುವವರು ರೈಲು ಓಡುವಾಗ ಅಲ್ಲಿಗೆ ಹೋಗಬೇಕಾಗಿಲ್ಲ.

ಕಿಟಕಿಯಿಂದಲೇ ಬೇಕಾದಷ್ಟು ಕಾಣುತ್ತದೆ. ಬೆಟ್ಟ ಏರುವಾಗ ಕಣಿವೆ ಎಡಗಡೆ ಬರುತ್ತದೆ. ಬೋಗಿ ಗೊತ್ತು ಮಾಡುವಾಗ ಎಡಬದಿ ಸಿಗುವುದೇ ಎಂದು ಕೇಳಿ ನೋಡಿ.