ಕಣ್ಣಿನೊಳಗೆ ಆರದ ದೀಪ

ಮಧ್ಯಾಹ್ನದ ಆಟ ಮುಗಿದು, ಚಿತ್ರಮಂದಿರದ ಕತ್ತಲೆಯಿಂದ ಬಿಸಿಲಿಗೆ ಕಾಲಿಟ್ಟ ಅನುಭವ ವಾಚಕರಲ್ಲಿ ಯಾರಿಗಿಲ್ಲ? ಕಣ್ಣು ಕೋರೈಸುತ್ತದೆ, ನಾಲ್ಕಾರು ಸಲ ರೆಪ್ಪೆ ಬಡಿಯುವಷ್ಟರಲ್ಲಿ ದಾರಿ ಕಾಣುತ್ತದೆ. ಆದರೆ ಅಪರೂಪದ ಕೆಲವು ಮಂದಿಗೆ ಹಾಗಾಗುವುದಿಲ್ಲ. ಹಲವು ಸೆಕೆಂಡುಗಳ ಕಾಲ ಅವರು ಹಾಡುಹಗಲಿನಲ್ಲಿಯೇ ಕುರುಡರಂತಾಗುತ್ತಾರೆ. ತಮ್ಮತ್ತ ಹಾರಿಬರುವ ಚೆಂಡನ್ನು ಗುರುತಿಸುವುದೂ ಅವರಿಗೆ ಕಷ್ಟ. ಇದೇಕೆ?

ಉತ್ತರವಿರುವುದು ಜೀವಕೋಶದ ಒಳಗೆ. ಕಣ್ಣಿನ ಅಕ್ಷಿಪಟಲದ ಕೋಶಗಳಲ್ಲಿ ಬೆಳಕನ್ನು ಹೀರುವ ವರ್ಣದ್ರವ್ಯವೊಂದಿದೆ. ಬೆಳಕು ತಗುಲಿದೊಡನೆ ಅದು ಬಳಿಯಲ್ಲಿರುವ ‘ಜಿ ಪ್ರೋಟೀನ’ನ್ನು ಎಚ್ಚರಿಸುತ್ತದೆ. ಅದುವರೆಗೆ ಜಿ.ಡಿ.ಪಿ. ಎಂಬ ಅಣುವನ್ನು ಹಿಡಿದು ಮಲಗಿದ್ದ ಆ ಪ್ರೋಟೀನು ಅದನ್ನು ಬಿಟ್ಟು ಜಿ.ಟಿ.ಪಿ. ಎಂಬ ಇನ್ನೊಂದನ್ನು ಹಿಡಿದು, ಸುದ್ದಿಯನ್ನು ಮುಂದಿನ ಕಿಣ್ವಕ್ಕೆ ಮುಟ್ಟಿಸುತ್ತದೆ. ವಾಸನೆಯನ್ನರಿಯುವ ಮೂಗಿನಲ್ಲಿಯೂ, ಅಡ್ರಿನಲಿನ್ನಿಗೆ ಓಗೊಡುವ ಹೃದಯದಲ್ಲಿಯೂ ಇದೇ ಬಗೆಯ ಏರ್ಪಾಡು. ಈ ಪ್ರೋಟೀನುಗಳನ್ನು ಕಂಡುಹಿಡಿದುದಕ್ಕಾಗಿ ಆಲ್‌ಫ್ರೆಡ್ ಗಿಲ್ಮನ್ ಮತ್ತು ಮಾರ್ಟಿನ್ ರಾಡ್ಬೆಲ್ 1994ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಸುದ್ದಿಯೇನೋ ಮುಟ್ಟಿತು, ಅದನ್ನು ನಿಲ್ಲಿಸುವವರಾರು? ಜಿ ಪ್ರೋಟೀನು ತಾನು ಹಿಡಿದ ಜಿ.ಟಿ.ಪಿ.ಯನ್ನು ತಾನೇ ಒಡೆದು ಜಿ.ಡಿ.ಪಿ.ಯಾಗಿಸಿ ಮತ್ತೆ ಮಲಗಬಲ್ಲುದು. ಆದರೆ ಆ ಕೆಲಸದಲ್ಲಿ ಅದು ಬಹು ಸೋಮಾರಿ. ಕಣ್ಣಿಗಾದರೋ ಕ್ಷಣಕ್ಷಣಕ್ಕೂ ಹೊಸ ಚಿತ್ರ ಬೇಕು. ಹಳೆಯದು ಅಳಿಯದೆ ಹೊಸದು ಮೂಡುವುದೆಂತು?

ಈ ಒಗಟು ಬಿಡಿಸಿದುದು 1990ರ ದಶಕದ ನಡುವೆ ಬೆಳಕಿಗೆ ಬಂದ ‘ಆರ್.ಜಿ.ಎಸ್.’ ಎಂಬ ನಿಯಂತ್ರಕ ಪ್ರೋಟೀನುಗಳ ಕುಟುಂಬ. ಇವು ಯಾವ ಸುದ್ದಿಯನ್ನೂ ಹುಟ್ಟಿಸುವುದಿಲ್ಲ. ಜಿ ಪ್ರೋಟೀನನ್ನು ಬಿಗಿಹಿಡಿದು, ಜಿ.ಟಿ.ಪಿ. ಬೇಗನೆ ಒಡೆಯುವಂತೆ ಮಾಡುತ್ತವೆ, ಅಷ್ಟೆ. ಕಣ್ಣಿನಲ್ಲಿ ಈ ಹೊಣೆ ಹೊತ್ತಿರುವುದು ‘ಆರ್.ಜಿ.ಎಸ್. 9’ ಎಂದು 1998ರಲ್ಲಿ ತಿಳಿಯಿತು. 2000ದಲ್ಲಿ ವಿಜ್ಞಾನಿಗಳು ಈ ಪ್ರೋಟೀನೇ ಇಲ್ಲದ ಇಲಿಗಳನ್ನು ಪರೀಕ್ಷಿಸಿದರು. ಅವುಗಳ ಕಣ್ಣಿನ ಕೋಶಗಳು ಬೆಳಕಿಗೆ ಎಂದಿನಂತೆ ಎಚ್ಚೆತ್ತವು. ಆದರೆ ಮತ್ತೆ ಶಾಂತವಾಗಲು ಹತ್ತು ಪಟ್ಟಿಗೂ ಮಿಗಿಲಾದ ಕಾಲ ಹಿಡಿಯಿತು.

ಮನುಷ್ಯರ ಸಂಗತಿ ಹೊರಬಿದ್ದುದು 2004ರಲ್ಲಿ. ಬಿಸಿಲಿಗೆ ಬಂದರೆ ಕುರುಡರಂತಾಗುತ್ತಿದ್ದ ಆ ರೋಗಿಗಳಲ್ಲಿ ಕೆಲವರಿಗೆ ಆರ್.ಜಿ.ಎಸ್. 9ರ ಜೀನಿನಲ್ಲಿಯೇ ದೋಷವಿದ್ದಿತು. ಉಳಿದವರಲ್ಲಿ, ಅದನ್ನು ಅದರ ಸ್ಥಾನದಲ್ಲಿ ಲಂಗರು ಹಾಕಿ ನಿಲ್ಲಿಸುವ ಇನ್ನೊಂದು ಪ್ರೋಟೀನು ಕೆಟ್ಟಿದ್ದಿತು. ಈ ಸ್ಥಿತಿಗೆ ‘ಬ್ರಾಡಿಯಾಪ್ಸಿಯ’, ಎಂದರೆ ನಿಧಾನದೃಷ್ಟಿ, ಎಂದು ಹೆಸರು. ಬೆಳಕನ್ನು ಹಿಡಿಯುವುದರಲ್ಲಿ ಅವರ ಕಣ್ಣು ಸೋತಿರಲಿಲ್ಲ. ಹಿಡಿದುದನ್ನು ಸಕಾಲದಲ್ಲಿ ಬಿಡುವುದರಲ್ಲಿ ಸೋತಿದ್ದಿತು.

ಚೆಂಡು ಹಿಡಿಯಲಾರದ, ಬಿಸಿಲಿಗೆ ಬಂದೊಡನೆ ತಡವರಿಸಿ ನಿಲ್ಲುವ ಮಗುವನ್ನು ‘ಮಂಕು’ ಎಂದು ಗದರುವುದು ಸುಲಭ. ಆ ಮಗುವಿನಲ್ಲಿ ಕೊರತೆಯಿರುವುದು ಜಾಣ್ಮೆಗಲ್ಲದೆ, ಕಣ್ಣಿನೊಳಗೆ ದೀಪವಾರಿಸುವ ಒಂದು ಸಣ್ಣ ಪ್ರೋಟೀನಿಗೂ ಇರಬಹುದು.